ಸಲ್ಯೂಷನ್ ಮೂಸುವ ಹುಡುಗರ ಹಿಂದೆ ನಾನು ಓಡುವುದಿಲ್ಲ

ಬೆಂಗಳೂರಿನ ಮೆಜೆಸ್ಟಿಕ್, ಕೆ.ಆರ್. ಮಾರ್ಕೆಟ್ ಸುತ್ತಮುತ್ತ ಬೀದಿ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಚಿಂದಿ ಆಯುವವರು, ಮನೆ ಬಿಟ್ಟು ರೈಲು ಹತ್ತಿ ಬಂದವರು. ಮುದುರಿದ ಕರ್ಚೀಫ್ ಮುಷ್ಟಿಯಲ್ಲಿದ್ದು, ಮಾತು ತೊದಲುತ್ತಿದ್ದು, ಮೈಯಿಂದ ಪೇಂಟ್ ವಾಸನೆ ಬಂದರೆ ವಿಷಯ ಅಲ್ಲೇ ಗೊತ್ತಾಗುತ್ತದೆ. ಟ್ಯೂಬಿಗೆ ಪಂಕ್ಚರ್ ಹಾಕುವ ಅಂಟು, ಅಂದರೆ ಸಲ್ಯೂಷನ್, ಇಲ್ಲವೇ ಥಿನ್ನರ್. ಬಟ್ಟೆಗೆ ಹಾಕಿ ನಶೆಗೆ ಮೂಸುತ್ತಾರೆ. "ಹಸಿವು ಗೊತ್ತಾಗಲ್ಲ ಅಕ್ಕಾ, ಚಳಿನೂ ಗೊತ್ತಾಗಲ್ಲ" ಅಂತಾರೆ.

ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾನು ಮೊದಲು ಹೇಳುವುದು ಒಂದೇ: ಮೂಸುತ್ತಿರುವ ಹುಡುಗನನ್ನು ಬೆದರಿಸಬೇಡಿ, ಅಟ್ಟಿಸಿಕೊಂಡು ಹೋಗಬೇಡಿ, ಕೈಯಿಂದ ಕಿತ್ತುಕೊಳ್ಳಬೇಡಿ. ಇದು ಬರೀ ಕರುಣೆಯ ಮಾತಲ್ಲ. ಈ ಆವಿ ಒಳಗೆ ಹೋದಾಗ ಹೃದಯ ಅಡ್ರಿನಲಿನ್ ಅನ್ನುವ ಹಾರ್ಮೋನಿಗೆ ವಿಪರೀತವಾಗಿ ಸ್ಪಂದಿಸುತ್ತದೆ. ಹೆದರಿದರೆ, ಓಡಿದರೆ ಅಡ್ರಿನಲಿನ್ ಏರುತ್ತದೆ. ಹೃದಯದ ಬಡಿತ ದಿಕ್ಕು ತಪ್ಪಿ ಅಲ್ಲೇ ನಿಂತುಹೋಗಬಹುದು. ವರ್ಷಗಟ್ಟಲೆ ಮೂಸಿದವನಿಗೇ ಆಗಬೇಕು ಅಂತಿಲ್ಲ, ಮೊದಲ ಸಲವೇ ಆಗಬಹುದು. ಪೊಲೀಸರಿಗೆ, ರೈಲ್ವೆ ಸಿಬ್ಬಂದಿಗೆ, ಅಂಗಡಿಯವರಿಗೆ ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು.

ಹಾಗಾಗಿ ನಾನು ಪಕ್ಕದಲ್ಲಿ ಸುಮ್ನೆ ಕೂರುತ್ತೇನೆ. ಹೆಸರು ಹಿಡಿದು ಮೆಲ್ಲಗೆ ಮಾತಾಡಿಸುತ್ತೇನೆ. "ಬಾರೋ ಪುಟ್ಟಾ, ಇಲ್ಲಿ ಸೆಖೆ, ಆ ಕಡೆ ಗಾಳಿ ಇದೆ" ಅಂತ ಬಯಲಿಗೆ ಕರೆಯುತ್ತೇನೆ. ಹತ್ತಿರದಲ್ಲಿ ಯಾರೂ ಬೀಡಿ ಹಚ್ಚದಂತೆ ನೋಡಿಕೊಳ್ಳುತ್ತೇನೆ. ಈ ಆವಿಗೆ ಭಗ್ಗನೆ ಬೆಂಕಿ ಹತ್ತುತ್ತದೆ, ಕರ್ಚೀಫಿಗೂ ಬಟ್ಟೆಗೂ ನೆಂದಿದ್ದರಂತೂ ಹೇಳುವುದೇ ಬೇಡ. ಹುಡುಗ ತೂಕಡಿಸುತ್ತಿದ್ದರೆ ನೀರು, ಊಟ ಏನನ್ನೂ ಬಾಯಿಗೆ ಹಾಕುವುದಿಲ್ಲ. ಒಂದು ಮಗ್ಗುಲಿಗೆ ಮಲಗಿಸುತ್ತೇನೆ. ವಾಂತಿ ಉಸಿರಿನ ಕೊಳವೆಗೆ ಹೋಗಬಾರದಲ್ವಾ, ಅದಕ್ಕೆ. ಎಬ್ಬಿಸಿದರೂ ಏಳದಿದ್ದರೆ, ಉಸಿರು ಸರಿಯಿಲ್ಲದಿದ್ದರೆ ತಕ್ಷಣ 108. ಉಸಿರೇ ನಿಂತಿದ್ದರೆ ಆಂಬುಲೆನ್ಸ್ ಬರುವವರೆಗೆ ಎದೆ ಒತ್ತುತ್ತಿರಬೇಕು. ಮೂಸಿದ ಟ್ಯೂಬನ್ನೋ ಬಾಟಲಿಯನ್ನೋ ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಬೇಕು. ಇದಕ್ಕೆ ಪ್ರತಿವಿಷ ಇಲ್ಲ. ಅಡ್ರಿನಲಿನ್‌ನಂಥ ಔಷಧಿ ಕೊಡುವ ಮುಂಚೆ ಡಾಕ್ಟರಿಗೆ ಏನು ಮೂಸಿದ್ದಾನೆ ಅಂತ ಗೊತ್ತಿರಬೇಕು.

ಬಿಡು ಅಂದ ಕೂಡಲೇ ಯಾವ ಹುಡುಗನೂ ಬಿಡುವುದಿಲ್ಲ. ಬಿಡದವರಿಗೆ ನಾನು ಹೇಳುವುದು ಇಷ್ಟು: ಒಬ್ಬನೇ ಇರಬೇಡ, ಮುಚ್ಚಿದ ಜಾಗದಲ್ಲಿ ಬೇಡ, ಪ್ಲಾಸ್ಟಿಕ್ ಚೀಲ ಮುಖದ ಹತ್ತಿರ ಬೇಡ, ಹಳಿ ಪಕ್ಕ, ರಸ್ತೆ ಪಕ್ಕ ಬೇಡ. ಇಷ್ಟು ಮಾಡಿದರೂ ಅಪಾಯ ತಪ್ಪಲ್ಲ, ಹೃದಯ ಯಾವ ಗಳಿಗೆಯಲ್ಲಾದರೂ ಕೈಕೊಡಬಹುದು ಅಂತಲೂ ಹೇಳುತ್ತೇನೆ. ಮುಚ್ಚಿಟ್ಟು ಮಾತಾಡಿದರೆ ಈ ಮಕ್ಕಳು ಮತ್ತೆ ಹತ್ತಿರ ಬರುವುದಿಲ್ಲ.

ನಿಧಾನಕ್ಕೆ ಆಗುವ ಹಾನಿ ಬೇರೆ ಇದೆ. ಒಬ್ಬ ಹುಡುಗ ಬೆಳಿಗ್ಗೆ ಎದ್ದು ನಿಲ್ಲಲಾರದೆ ಅಳುತ್ತಿದ್ದ. ಕಾಲಲ್ಲಿ ಬಲವೇ ಇಲ್ಲ. ಆಸ್ಪತ್ರೆಯಲ್ಲಿ ನೋಡಿದರೆ ರಕ್ತದಲ್ಲಿ ಪೊಟ್ಯಾಸಿಯಂ ಪಾತಾಳಕ್ಕೆ ಇಳಿದಿತ್ತು. ಅಂಟಿನಲ್ಲಿ, ಥಿನ್ನರ್‌ನಲ್ಲಿ ಇರುವ ಟಾಲ್ಯೂಯಿನ್ ಕಿಡ್ನಿಗೆ ಪೆಟ್ಟು ಕೊಟ್ಟು ಹೀಗೆ ಮಾಡುತ್ತದೆ. ಚಿಕಿತ್ಸೆ ಸಿಕ್ಕಿ ಅವನು ಎದ್ದು ನಡೆದ. ಆದರೆ ಅದೇ ಟಾಲ್ಯೂಯಿನ್ ಮೆದುಳಿನ ನರತಂತುಗಳ ಹೊದಿಕೆಯನ್ನು ತಿನ್ನುತ್ತದೆ. ನೆನಪು, ನಡಿಗೆ, ಕಣ್ಣು, ಕಿವಿ ಕೆಡುತ್ತವೆ. ಆ ನಷ್ಟ ಪೂರ್ತಿ ವಾಪಸ್ ಬರುವುದು ಕಷ್ಟ. ಕೆಲವು ಅಂಟುಗಳಲ್ಲಿರುವ ಹೆಕ್ಸೇನ್‌ನಿಂದ ಕೈಕಾಲು ಜೋಮು ಹಿಡಿಯುತ್ತದೆ. ಮೂಗು, ಬಾಯಿ ಸುತ್ತ ಒಡೆದ ಚರ್ಮ ಕಂಡರೆ ಅದು ಬರೀ ಚಳಿಗಾಲದ ಒಡಕು ಅಂದುಕೊಂಡು ಸುಮ್ಮನಾಗಬೇಡಿ.

ಇದು ಬೀದಿ ಮಕ್ಕಳ ಸಮಸ್ಯೆ ಮಾತ್ರ ಅಂತ ಶಾಲೆಗಳಲ್ಲಿ ಪೋಷಕರು ಹೇಳಿದಾಗ ನನಗೆ ಸಂಕಟವಾಗುತ್ತದೆ. ಡಿಯೋಡರೆಂಟ್ ಸ್ಪ್ರೇ ಯಾವ ಮನೆಯಲ್ಲಿಲ್ಲ? ಅದರಲ್ಲಿರುವ ಬ್ಯೂಟೇನ್ ಕೂಡ ಹೃದಯ ನಿಲ್ಲಿಸಬಲ್ಲದು. ನಶೆಯ ಬಳಕೆ ಬಗ್ಗೆ ದೆಹಲಿಯ ಏಮ್ಸ್ ಆಸ್ಪತ್ರೆ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. 10ರಿಂದ 17 ವರ್ಷದ ಮಕ್ಕಳಲ್ಲಿ ಶೇ. 1ಕ್ಕಿಂತ ಹೆಚ್ಚು ಮಂದಿ ಹೀಗೆ ಮೂಸುತ್ತಾರೆ, ದೊಡ್ಡವರಲ್ಲಿ ಶೇ. 0.58. ಬೇರೆ ಯಾವ ನಶೆಯಲ್ಲೂ ಮಕ್ಕಳ ಪಾಲು ದೊಡ್ಡವರಿಗಿಂತ ಜಾಸ್ತಿ ಇಲ್ಲ. ಬಾಟಲಿ ವೈಟ್ನರ್, ಥಿನ್ನರ್ ಚಿಲ್ಲರೆ ಮಾರಾಟವನ್ನು ಕೇಂದ್ರ ಸರ್ಕಾರ 2012ರಲ್ಲೇ ನಿಷೇಧಿಸಿತು. ಆದರೆ ಪಂಕ್ಚರ್ ಸಲ್ಯೂಷನ್ ದಿನಬಳಕೆಯ ಸಾಮಾನು, ನಿಲ್ಲಿಸುವುದು ಹೇಗೆ? ನಾನೇ ಅಂಗಡಿ ಅಂಗಡಿಗೆ ಹೋಗಿ, ಸೈಕಲ್ ಇಲ್ಲದೆ ಸಲ್ಯೂಷನ್ ಟ್ಯೂಬ್ ಕೇಳುವ ಮಕ್ಕಳಿಗೆ ಕೊಡಬೇಡಿ ಅಣ್ಣಾ ಅಂತ ಕೇಳಿಕೊಳ್ಳುತ್ತೇನೆ. ಬಹಳ ಜನ ಒಪ್ಪುತ್ತಾರೆ. ಅವರ ಮನೆಯಲ್ಲೂ ಮಕ್ಕಳಿರುತ್ತಾರೆ.

ಬಿಡಿಸಲು ಇಂಥದ್ದೇ ಅನ್ನುವ ಮಾತ್ರೆ ಇಲ್ಲ. ಮೊದಲ ದಿನಗಳಲ್ಲಿ ತಲೆನೋವು, ನಿದ್ದೆಗೇಡು, ಸಿಡಿಮಿಡಿ ಇರುತ್ತದೆ. ಆಗ ಹೊಟ್ಟೆ ತುಂಬ ಊಟ, ಮಲಗಲು ಭಯವಿಲ್ಲದ ಜಾಗ, ಹಗಲಿಗೆ ಒಂದು ಕೆಲಸವೋ ಪಾಠವೋ ಬೇಕು. ಇವು ಇಲ್ಲದೆ ಬರೀ ಬುದ್ಧಿವಾದ ಹೇಳಿದರೆ ಹುಡುಗ ಸಂಜೆಗೆ ಮತ್ತೆ ಅದೇ ಜಾಗದಲ್ಲಿರುತ್ತಾನೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೀದಿಯಲ್ಲಿ ಇಂಥ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಅವರು ಬರುವವರೆಗೆ ಸ್ವಲ್ಪ ದೂರದಲ್ಲಿ ಕಣ್ಣಿಟ್ಟು ನಿಂತಿರಿ.