ರಾಕ್ ಶೋ ವಿಡಿಯೋ ತೆಗೆಯುವವರಿಗೆ

ತುಮಕೂರಿನ ಗೆಳೆಯರೇ, ಜೂನಿಯರ್ ಕಾಲೇಜು ಮೈದಾನವೋ ಕಾಲೇಜು ಫೆಸ್ಟೋ, ರಾಕ್ ಬ್ಯಾಂಡ್ ವಿಡಿಯೋ ತೆಗೆಯುವಾಗ ಸ್ಪೀಕರ್ ಪಕ್ಕ ಮಾತ್ರ ನಿಲ್ಲಬೇಡಿ. ಅಷ್ಟು ಸದ್ದನ್ನು ಫೋನಿನ ಮೈಕ್ ತಡೆಯುವುದಿಲ್ಲ. ಬೇಸ್ ಗಿಟಾರ್, ಡ್ರಮ್ಸ್ ಎಲ್ಲಾ ಸೇರಿ ಬರೀ ಗರಗರ ಅನ್ನುತ್ತದೆ. ಆಮೇಲೆ ಎಡಿಟ್ ಮಾಡಿ ಸರಿಮಾಡೋಣ ಅಂದರೆ ಕಷ್ಟ. ಸೌಂಡ್ ಮಿಕ್ಸರ್ ಇಟ್ಟುಕೊಂಡು ಕೂತಿರುತ್ತಾರಲ್ಲ, ಅವರ ಹತ್ತಿರ ನಿಲ್ಲಿ. ತಮ್ಮ ಕಿವಿಗೆ ಬೀಳುವುದನ್ನು ಕೇಳಿಯೇ ಅವರು ಸದ್ದು ಹೊಂದಿಸುವುದು. ಹಾಗಾಗಿ ಹಾಡು ಅಲ್ಲೇ ಚೆನ್ನಾಗಿ ಸಿಗುತ್ತದೆ.

ಫೋನ್ ಅಡ್ಡ ಹಿಡಿಯಿರಿ. ಚಾರ್ಜರ್ ಚುಚ್ಚುವ ಅಂಚಿನ ಮೈಕ್ ತೂತಿಗೆ ಬೆರಳು ಅಡ್ಡ ಬರದಿರಲಿ, ಇದನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ. ಲೈಟು ಬಿದ್ದಾಗ ಹಾಡುವವರ ಮುಖ ಪೂರ್ತಿ ಬೆಳ್ಳಗಾಗುತ್ತದೆ ಅಲ್ವಾ? ಸ್ಕ್ರೀನಿನಲ್ಲಿ ಆ ಮುಖದ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕು ಸ್ವಲ್ಪ ಇಳಿಸಿ. ಸುಮ್ನೆ ಜೂಮ್ ಮಾಡಬೇಡಿ. ವಿಡಿಯೋ ಕ್ವಾಲಿಟಿ ಸೆಟ್ಟಿಂಗಿನಲ್ಲಿ 4ಕೆ ಬೇಡ, 1080ಪಿ ಸಾಕು. ಏರೋಪ್ಲೇನ್ ಮೋಡ್ ಹಾಕಿಕೊಳ್ಳಿ, ಹಾಡಿನ ನಡುವೆ ಕರೆ ಬಂದರೆ ರೆಕಾರ್ಡಿಂಗ್ ನಿಂತುಹೋಗಬಹುದು.