ರಿಪೇರಿಗೆ ಮೊದಲು ದಾಖಲೆ: ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಮುಚ್ಚಿಟ್ಟ ದೋಷ ಸಿಕ್ಕರೆ ಏನು ಮಾಡಬೇಕು

ನಾನು ಗ್ಯಾರೇಜ್ ನಡೆಸುವವನು, ವಕೀಲನಲ್ಲ. ಆದರೆ ನಾನು ಬರೆದುಕೊಟ್ಟ ವರದಿಗಳು ಗ್ರಾಹಕ ಆಯೋಗದವರೆಗೂ ಹೋಗಿವೆ. ಹಾಗಾಗಿ ಹಳೆ ಕಾರು ಕೊಂಡು ಮೋಸ ಹೋದೆ ಅಂತ ಬರುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಈಗಲೇ ಏನನ್ನೂ ಬಿಚ್ಚಿಸಬೇಡಿ.

ಹೊಸ ಪಾರ್ಟ್ ಹಾಕಿಸಿ ಹಳೇದು ಗುಜರಿಗೆ ಹೋಯಿತು ಅಂದರೆ ಕೇಸಿನ ಅರ್ಧ ಜೀವ ಹೋದಂತೆ. ಮಾರಿದವರು ಹೇಳುವುದು ಒಂದೇ ಮಾತು: "ಕೊಟ್ಟಾಗ ಗಾಡಿ ಚೆನ್ನಾಗೇ ಇತ್ತು, ಇವರೇ ಓಡಿಸಿ ಹಾಳು ಮಾಡಿದ್ದಾರೆ." ದೋಷ ಮಾರಾಟಕ್ಕೆ ಮೊದಲೇ ಇತ್ತು ಅಂತ ನೀವು ತೋರಿಸಬೇಕು. ಪರೀಕ್ಷೆ ಬೇಕು ಅನಿಸಿದರೆ ಆಯೋಗವೇ ಅದನ್ನು ಮಾಡಿಸಬಹುದು. ಆದರೆ ಪರೀಕ್ಷೆ ಮಾಡಲು ವಸ್ತು ಇರಬೇಕಲ್ವಾ?

ಎಲ್ಲ ತೊಂದರೆಯೂ ಕೇಸ್ ಆಗುವುದಿಲ್ಲ. ಬ್ರೇಕ್ ಪ್ಯಾಡ್, ಕ್ಲಚ್, ಟೈರ್, ಬ್ಯಾಟರಿ ಸವೆಯುವುದು ಹಳೆ ಗಾಡಿಯ ಸಹಜ ಗುಣ. ನೋಡಿದರೆ ಸಿಗುವಂಥ ದೋಷವನ್ನು ನೀವು ನೋಡಿಯೂ ಕೊಂಡಿದ್ದರೆ, ಸರಕಿನ ಗುಣಮಟ್ಟದ ಬಗ್ಗೆ ಹೇಳುವ 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ ನಿಮ್ಮ ನೆರವಿಗೆ ಬರುವುದು ಕಷ್ಟ. ಕಾನೂನು ಕೈಹಿಡಿಯುವುದು ಮುಚ್ಚಿಟ್ಟ ದೋಷಕ್ಕೆ, ಹೇಳಿದ ಸುಳ್ಳಿಗೆ. ದೊಡ್ಡ ಅಪಘಾತವಾದ ಗಾಡಿಯ ಬಾಡಿಯನ್ನು ವೆಲ್ಡಿಂಗ್ ಮಾಡಿ ಬಣ್ಣ ಹೊಡೆದದ್ದು, ನೀರಲ್ಲಿ ಮುಳುಗಿದ ಗಾಡಿ, ಹಿಂದಕ್ಕೆ ತಿರುಗಿಸಿದ ಓಡೋಮೀಟರ್ (ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಅಂತ ತೋರಿಸುವ ಮೀಟರ್), ಇಂಥವು. ನನಗೆ ಜಾಸ್ತಿ ಸಿಟ್ಟು ಬರಿಸುವುದು ಏರ್‌ಬ್ಯಾಗ್ ಮೋಸ. ಒಡೆದ ಏರ್‌ಬ್ಯಾಗ್ ಬದಲಿಸದೆ, ಎಚ್ಚರಿಕೆ ದೀಪ ಉರಿಯದ ಹಾಗೆ ಒಂದು ರೆಸಿಸ್ಟರ್ ಕೂರಿಸಿ ಮಾರುತ್ತಾರೆ. ಇದು ಬರೀ ದುಡ್ಡಿನ ವಿಷಯವಲ್ಲ, ಒಳಗೆ ಕೂತವರ ಪ್ರಾಣದ ವಿಷಯ.

ಸಾಕ್ಷಿ ಸೇರಿಸುವುದು ಹೇಗೆ? ಮಾರಿದವರ ಜೊತೆ ಸಂಬಂಧವಿಲ್ಲದ ಮೆಕ್ಯಾನಿಕ್ ಅಥವಾ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಕಾರು ತೋರಿಸಿ. ಲೆಟರ್‌ಹೆಡ್ ಮೇಲೆ ಬರೆದ ವರದಿ ಕೇಳಿ. ಅದರಲ್ಲಿ ತಾರೀಕು, ರಿಜಿಸ್ಟ್ರೇಷನ್ ನಂಬರ್, ಚಾಸಿಸ್ ನಂಬರ್, ಆ ದಿನದ ಕಿಲೋಮೀಟರ್ ಇರಲಿ. "ಎಂಜಿನ್ ಸರಿಯಿಲ್ಲ" ಅನ್ನುವ ಒಂದು ಸಾಲು ಉಪಯೋಗಕ್ಕೆ ಬಾರದು. ಯಾವ ದೋಷ, ಎಲ್ಲಿದೆ, ಅದು ಹಳೆಯದು ಅನ್ನಲು ಕಾರಣವೇನು ಅಂತ ಬರೆಯಬೇಕು. ನೀರು ಹೊಕ್ಕ ಗಾಡಿಯಾದರೆ ನಾನು ಸೀಟ್ ಬೆಲ್ಟ್ ಪೂರ್ತಿ ಎಳೆದು ತುದಿಯ ಕೆಸರಿನ ಗೆರೆ, ಕಾರ್ಪೆಟ್ ಕೆಳಗಿನ ಮಣ್ಣು, ಸೀಟ್ ಬೋಲ್ಟಿನ ತುಕ್ಕು, ವೈರಿಂಗ್ ಕನೆಕ್ಟರ್ ಒಳಗಿನ ಹಸಿರು ಕಿಲುಬು ಎಲ್ಲದರ ಫೋಟೋ ಹಾಕುತ್ತೇನೆ. ಅಂಥ ಕಿಲುಬು ಒಂದು ವಾರದಲ್ಲಿ ಬರುವಂಥದ್ದಲ್ಲ.

ಓಡೋಮೀಟರ್ ಮೋಸಕ್ಕೆ ಸರ್ವಿಸ್ ಹಿಸ್ಟರಿಗಿಂತ ಗಟ್ಟಿ ಸಾಕ್ಷಿ ಇಲ್ಲ. ಎರಡು ವರ್ಷದ ಹಿಂದೆ ಸರ್ವಿಸ್ ಮಾಡಿದಾಗ ಗ್ಯಾರೇಜ್ ಬರೆದ ಜಾಬ್ ಕಾರ್ಡ್‌ನಲ್ಲಿ 90,000 ಕಿಲೋಮೀಟರ್ ಇದ್ದು, ನಿಮಗೆ ಮಾರಿದಾಗ 55,000 ತೋರಿಸಿದ್ದರೆ ಮತ್ತೆ ವಾದ ಯಾಕೆ? ಹಳೆ ಇನ್ಶೂರೆನ್ಸ್ ಕ್ಲೇಮ್‌ಗಳ ವಿವರವನ್ನೂ ಕೇಳಿ ನೋಡಿ. ಮಾರಾಟದ ಜಾಹೀರಾತಿನ ಸ್ಕ್ರೀನ್‌ಶಾಟ್, "ನಾನ್ ಆಕ್ಸಿಡೆಂಟ್" ಅಂತ ಬರೆದ ವಾಟ್ಸಾಪ್ ಸಂದೇಶ, ರಸೀದಿ, ಬ್ಯಾಂಕ್ ವಿವರ, ಇವೆಲ್ಲ ಒಂದೇ ಕಡೆ ಇರಲಿ. ಚಾಟ್ ಇರುವ ಫೋನನ್ನು ಕೇಸ್ ಮುಗಿಯುವ ತನಕ ಬದಲಿಸಬೇಡಿ.

ಆಮೇಲೆ ತಡ ಮಾಡದೆ ಮಾರಿದವರಿಗೆ ಬರೆದು ತಿಳಿಸಿ. ಫೋನಲ್ಲಿ ಜಗಳವಾಡಿದ್ದಕ್ಕೆ ಲೆಕ್ಕವಿಲ್ಲ. ಬೇಡ ಅನ್ನುವುದನ್ನು ಹೇಳದೆ ಸುಮ್ನೆ ತಿಂಗಳುಗಟ್ಟಲೆ ಕಾರು ಇಟ್ಟುಕೊಂಡರೆ, ನೀವು ಅದನ್ನು ಒಪ್ಪಿಕೊಂಡಿರಿ ಅಂತ ಸರಕು ಮಾರಾಟ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ವಾದಿಸಬಹುದು. ದೋಷ ಏನು, ಅವರು ಏನು ಹೇಳಿ ಮಾರಿದ್ದರು, ನಿಮಗೆ ಬೇಕಾದ್ದು ಹಣ ವಾಪಸ್ಸೋ, ರಿಪೇರಿ ಖರ್ಚೋ, ಎಷ್ಟು ದಿನದೊಳಗೆ, ಇಷ್ಟು ಸಾಕು. ವರದಿಯ ಪ್ರತಿ ಸೇರಿಸಿ, ತಲುಪಿದ ದಾಖಲೆ ಸಿಗುವಂತೆ ಅಂಚೆಯಲ್ಲೂ ಇಮೇಲ್‌ನಲ್ಲೂ ಕಳಿಸಿ. ಬೈಗುಳ, ಬೆದರಿಕೆ ಬೇಡ. ಅದೇ ಪತ್ರವನ್ನು ನಾಳೆ ಆಯೋಗದವರೂ ಓದುತ್ತಾರೆ.

ಇನ್ನು ಮಾರಿದವರು ಯಾರು ಅನ್ನುವುದರ ಮೇಲೆ ದಾರಿ ಬೇರೆಯಾಗುತ್ತದೆ.

ಡೀಲರ್ ಅಥವಾ ಕಾರು ಮಾರುವ ಕಂಪನಿಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ. ಕೆಲವು ಕಂಪನಿಗಳು ಅಲ್ಲೇ ದಾರಿಗೆ ಬರುತ್ತವೆ. ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಕೇಸ್ ಅಲ್ಲಿಗೇ ಸೇರುತ್ತದೆ. 5 ಲಕ್ಷದವರೆಗೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ಡೀಲರ್ ಎಲ್ಲೇ ಇರಲಿ, ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಆಗಿಯೂ ಸಲ್ಲಿಸಬಹುದು. ದೂರಿಗೆ ಇರುವ ಕಾಲಮಿತಿ 2 ವರ್ಷ. ಟ್ಯಾಕ್ಸಿ ಓಡಿಸಲು ಕೊಂಡಿದ್ದರೂ, ಅದು ನಿಮ್ಮ ಸ್ವಂತ ದುಡಿಮೆಯ ಜೀವನಕ್ಕೇ ಆಗಿದ್ದರೆ ನೀವು ಗ್ರಾಹಕರೇ.

ದೋಷ ಸರಿಪಡಿಸಿ, ಹಣ ಬಡ್ಡಿ ಸಮೇತ ವಾಪಸ್ ಕೊಡಿ, ಪರಿಹಾರ ಕೊಡಿ ಅಂತ ಆಯೋಗ ಆದೇಶ ಮಾಡಬಹುದು. 3 ತಿಂಗಳಲ್ಲಿ, ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನಡೆಯುವಾಗ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ, ತಾಳ್ಮೆ ಬೇಕು. "ಇದ್ದ ಹಾಗೆ ಮಾರಿದ್ದೇವೆ" ಅಂತ ಸಹಿ ಹಾಕಿಸಿಕೊಂಡಿದ್ದಾರೆ ಅಂತ ಎದೆಗುಂದಬೇಡಿ. ಮೋಸ ಮಾಡಿ ಮಾರಿದವರಿಗೆ ಆ ಒಂದು ಸಾಲು ಗುರಾಣಿಯಾಗಬಾರದು ಅಂತ ವಾದಿಸುವ ಹಕ್ಕು ನಿಮಗಿದೆ. ಆನ್‌ಲೈನ್ ಕಂಪನಿ ಶುಲ್ಕ ಪಡೆದು ತಪಾಸಣೆ ವರದಿ ಕೊಟ್ಟಿದ್ದರೆ, ಆ ವರದಿಯ ತಪ್ಪು ಸೇವೆಯ ಕೊರತೆಯೂ ಹೌದು. ದೂರಿನಲ್ಲಿ ಅವರನ್ನೂ ಸೇರಿಸಿ.

ಪರಿಚಯದವರೋ, ಜಾಹೀರಾತು ನೋಡಿ ಸಿಕ್ಕ ಮಾಲೀಕರೋ ತಮ್ಮ ಸ್ವಂತ ಕಾರು ಮಾರಿದ್ದರೆ ಈ ದಾರಿ ಸಾಮಾನ್ಯವಾಗಿ ಸಿಗುವುದಿಲ್ಲ, ಯಾಕೆಂದರೆ ಅವರು ವ್ಯಾಪಾರಿಯಲ್ಲ. ಆಗ 1872ರ ಕರಾರು ಕಾಯ್ದೆ ಹಿಡಿದು ಸಿವಿಲ್ ಕೋರ್ಟಿಗೆ ಹೋಗಬೇಕು. ಇಲ್ಲಿ ಒಂದು ತೊಡಕಿದೆ. ಬರೀ ಸುಮ್ಮನಿದ್ದದ್ದು ಎಲ್ಲ ಸಲವೂ ವಂಚನೆ ಆಗುವುದಿಲ್ಲ. "ಆಕ್ಸಿಡೆಂಟ್ ಆಗಿದೆಯಾ?" ಅಂತ ನೀವು ಕೇಳಿ, "ಇಲ್ಲ" ಅಂತ ಅವರು ಬರೆದದ್ದು ಇದ್ದರೆ ಕೇಸಿಗೆ ಬಲ ಬರುತ್ತದೆ. ಇನ್ನೂ ಕೊಳ್ಳದವರು ಓದುತ್ತಿದ್ದರೆ, ದಯವಿಟ್ಟು ಈ ಪ್ರಶ್ನೆಗಳನ್ನು ಮೆಸೇಜ್‌ನಲ್ಲೇ ಕೇಳಿ. ಸಿವಿಲ್ ದಾವೆಗೆ ಈಗ ವಕೀಲರನ್ನು ಹಿಡಿಯುವುದೇ ಒಳ್ಳೆಯದು.

ಚಾಸಿಸ್ ನಂಬರ್ ತಿದ್ದಿದ್ದರೆ, ಕದ್ದ ಗಾಡಿಯಾಗಿದ್ದರೆ, ನಕಲಿ ಕಾಗದ ಕೊಟ್ಟಿದ್ದರೆ ನೇರ ಪೊಲೀಸರ ಹತ್ತಿರ ಹೋಗಿ. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಇದೆ. ಆದರೆ ಎಂಜಿನ್ ಹೊಗೆಗೆಲ್ಲ ಠಾಣೆಗೆ ಹೋದರೆ, ಸಿವಿಲ್ ವಿಷಯ ಅಂತ ಕಳಿಸಿಬಿಡುವುದೇ ಹೆಚ್ಚು.

ಆಯೋಗದ ಆದೇಶ ಬಂದ ಮೇಲೂ ಡೀಲರ್ ಹಣ ಕೊಡದಿದ್ದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯ 72ನೇ ಸೆಕ್ಷನ್ ಪ್ರಕಾರ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000 ರೂಪಾಯಿಯಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಅವರು ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕೆಂದರೆ ಅದಕ್ಕೆ 45 ದಿನದ ಗಡುವಿದೆ, ಆದೇಶದ ಮೊತ್ತದ ಅರ್ಧವನ್ನು ಮೊದಲು ಕಟ್ಟಬೇಕು.