ಹಿತ್ತಲಲ್ಲಿ ಕೊಳ ಮಾಡ್ತೀರಾ? ಮೊದಲು ಅಂಚಿನ ಬಗ್ಗೆ ಯೋಚಿಸಿ

ಕೊಳ ಮಾಡಿಸುವ ಬಹಳ ಜನ ದುಡ್ಡೆಲ್ಲ ಕಾರಂಜಿಗೆ, ಬಣ್ಣದ ಲೈಟಿಗೆ ಸುರಿಯುತ್ತಾರೆ. ಆಮೇಲೆ ಅದು ಹೋಟೆಲ್ ಮುಂದಿನ ತೊಟ್ಟಿ ಥರ ಕಾಣುತ್ತದೆ. ಕೊಳ ಸಹಜವಾಗಿ ಕಾಣಬೇಕು ಅಂದರೆ ನೀರು ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಅಂತ ಗೊತ್ತಾಗಬಾರದು. ಅಷ್ಟೇ ಗುಟ್ಟು.

ಜಾಗದ ವಿಷಯ ಬೇಗ ಹೇಳಿಬಿಡುತ್ತೇನೆ. ಮಾವು, ಹಲಸಿನ ಬುಡ ಬೇಡ. ಉದುರಿದ ಎಲೆ ಕೊಳೆತು ನೀರು ನಾರುತ್ತದೆ. ಇಡೀ ದಿನ ಬಿಸಿಲು ಬಿದ್ದರೆ ಪಾಚಿ ಜಾಸ್ತಿ. ಬೆಳಗಿನಿಂದ 5-6 ಗಂಟೆ ಬಿಸಿಲು ಸಿಕ್ಕಿ ಆಮೇಲೆ ನೆರಳಾದರೆ ನೈದಿಲೆಗೆ ಸಾಕು. ಮಳೆನೀರೆಲ್ಲ ಹರಿದು ಬರುವ ತಗ್ಗು ಮೂಲೆಯನ್ನೂ ಬಿಡಿ, ಇಲ್ಲದಿದ್ದರೆ ಜೂನ್‌ನಲ್ಲಿ ಕೆಸರೆಲ್ಲ ಒಳಗೇ.

ನೆಲದ ಮೇಲೆ ನೀರಿನ ಪೈಪು ಹಾಸಿ ಆಕಾರ ನೋಡಿ. ಅಂಕುಡೊಂಕು ಎರಡೇ ಇರಲಿ, ಹೆಚ್ಚು ಬೇಡ. 10 ಅಡಿ ಉದ್ದ, 6 ಅಡಿ ಅಗಲ ಇದ್ದರೆ ಮಧ್ಯದಲ್ಲಿ 2 ಅಡಿ ಆಳ ತೆಗೆಯಿರಿ. ಸುತ್ತ 8-10 ಇಂಚು ಆಳದಲ್ಲಿ ಒಂದು ಮೆಟ್ಟಿಲು ಬಿಡಿ, ಗಿಡದ ಕುಂಡ ಇಡೋದಕ್ಕೆ. ಒಂದು ಕಡೆ ಮಾತ್ರ ಇಳಿಜಾರು ಮಾಡಿ, ಕಪ್ಪೆ, ಹಕ್ಕಿ ಇಳಿದು ಹತ್ತಬೇಕಲ್ವಾ. ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪೈಪಿನಿಂದ ಸುತ್ತಲೂ ಮಟ್ಟ ನೋಡಿ. ಒಂದು ಕಡೆ ಎರಡು ಇಂಚು ಎತ್ತರವಾದರೂ ಅಲ್ಲಿ ಒಳಗೆ ಹಾಸುವ ಪ್ಲಾಸ್ಟಿಕ್ ಹೊರಗೆ ಕಾಣುತ್ತದೆ.

ಹಾಸೋಕೆ ಕೃಷಿ ಹೊಂಡಕ್ಕೆ ಬಳಸುವ 500 ಮೈಕ್ರಾನ್ (ಅರ್ಧ ಮಿಲಿಮೀಟರ್ ದಪ್ಪ) ಪ್ಲಾಸ್ಟಿಕ್ ಹಾಳೆ ಸಾಕು. ಉದ್ದಕ್ಕೆ ಆಳದ ಎರಡರಷ್ಟು, ಜೊತೆಗೆ ಅಂಚಿಗೆ 2 ಅಡಿ ಸೇರಿಸಿ. ಅಗಲಕ್ಕೂ ಅದೇ ಲೆಕ್ಕ. ಈ ಕೊಳಕ್ಕೆ 16 ಅಡಿ ಉದ್ದ, 12 ಅಡಿ ಅಗಲದ ಹಾಳೆ ಬೇಕು. ಗುಂಡಿಯ ಚೂಪು ಕಲ್ಲು, ಬೇರು ಎಲ್ಲ ಆರಿಸಿ, ಮರಳು ಹರವಿ, ಮೇಲೆ ಹಳೇ ಗೋಣಿಚೀಲ ಹಾಸಿ, ಆಮೇಲೆ ಹಾಳೆ ಬಿಡಿಸಿ. ನೀರು ತುಂಬಿ ಎರಡು ದಿನ ಸುಮ್ನೆ ಬಿಡಿ. ಹಾಳೆ ಕೂರುವ ಮೊದಲೇ ಅಂಚು ಕತ್ತರಿಸಿದರೆ ಕೆಲಸ ಕೆಟ್ಟಿತು.

ಈಗ ಅಂಚು. ಹಾಳೆಯ ಮೇಲೆ ಸುತ್ತಲೂ ಕಲ್ಲು ಜೋಡಿಸಿದರೆ ಹಾರ ಹಾಕಿದ ಹಾಗೆ ಕಾಣುತ್ತದೆ, ಅದು ಬೇಡ. ಗುಂಡಿ ತೆಗೆಯುವಾಗಲೇ ದಡದಲ್ಲಿ ನೀರಿನ ಮಟ್ಟಕ್ಕಿಂತ 4-5 ಇಂಚು ಕೆಳಗೆ ಇನ್ನೊಂದು ಸಣ್ಣ ಮೆಟ್ಟಿಲು ಕಡಿದಿಟ್ಟುಕೊಳ್ಳಿ, ಹಾಳೆ ಹಾಸಿದ ಮೇಲೆ ಅಲ್ಲಿ ಕಾಡುಗಲ್ಲು ಕೂರಿಸಿ. ಅರ್ಧ ಕಲ್ಲು ನೀರೊಳಗೆ, ಅರ್ಧ ಹೊರಗೆ. ಹಾಳೆಯನ್ನು ಕಲ್ಲಿನ ಹಿಂದೆ ಮೇಲಕ್ಕೆತ್ತಿ ನಿಲ್ಲಿಸಿ, ಹಿಂಬದಿಗೆ ಮಣ್ಣು ತುಂಬಿ. ಅದರ ತುದಿ ನೀರಿಗಿಂತ ಎರಡು ಇಂಚಾದರೂ ಮೇಲಿರಲಿ. ಹೊರಗಿನ ಮಣ್ಣು ಒಳಗಿನ ನೀರಿಗೆ ತಾಗಿದರೆ ನೀರನ್ನು ಹೀರುತ್ತಲೇ ಇರುತ್ತದೆ, ನೀವು ಎಲ್ಲೋ ತೂತಾಗಿದೆ ಅಂತ ಹುಡುಕುತ್ತಿರುತ್ತೀರಿ. ದೊಡ್ಡ ಕಲ್ಲು ಎರಡು ಮೂರು ಒಂದೇ ಕಡೆ ಗುಂಪಾಗಿರಲಿ, ಉಳಿದ ಕಡೆ ಸಣ್ಣ ಕಲ್ಲು, ಅಲ್ಲಲ್ಲಿ ಕಲ್ಲೇ ಇಲ್ಲದೆ ಬರೀ ಒಂದೆಲಗ. ಅದು ಹಬ್ಬಿ ನೀರಿನ ಮೇಲೆ ಬಾಗಿದರೆ ಪ್ಲಾಸ್ಟಿಕ್ ಹುಡುಕಿದರೂ ಸಿಗುವುದಿಲ್ಲ.

ಮೆಟ್ಟಿಲ ಮೇಲೆ ಬಜೆ, ಕೆಸು ಇಡಿ. ಆಳದಲ್ಲಿ ನೈದಿಲೆ. ತಾವರೆ ಬೇಕೇ ಬೇಕು ಅಂದರೆ ಬೇರೆ ಟಬ್ಬಲ್ಲಿಡಿ, ಅದು ಎಲ್ಲವನ್ನೂ ನುಂಗುತ್ತದೆ. ಕುಂಡಕ್ಕೆ ಗೊಬ್ಬರ ಬೆರೆಸಬೇಡಿ. ಜಿಗುಟಾದ ಕೆರೆಮಣ್ಣು ತುಂಬಿ, ಮೇಲೆ ಜಲ್ಲಿ ಹಾಕಿ. ನೀರಿನ ಅರ್ಧ ಭಾಗ ಎಲೆ ಮುಚ್ಚಿದರೆ ಪಾಚಿ ತಾನೇ ಕಡಿಮೆಯಾಗುತ್ತದೆ. ಮೊದಲ ಕೆಲವು ವಾರ ನೀರು ಹಸಿರಾಗುತ್ತದೆ, ಗಾಬರಿಯಾಗಿ ಬದಲಾಯಿಸಬೇಡಿ.

ಸೊಳ್ಳೆ? ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು 7-10 ದಿನ ಸಾಕು, ಹಾಗಾಗಿ ಸೊಳ್ಳೆಮರಿ ತಿನ್ನುವ ಮೀನು ಬೇಕೇ ಬೇಕು. ಸೊಳ್ಳೆ ತಡೆಯಲು ಬಿಡುವ ವಿದೇಶಿ ಮೀನು ಗ್ಯಾಂಬೂಸಿಯಾ ಮಾತ್ರ ಬೇಡ, ಅದು ಕಪ್ಪೆಮರಿಗಳನ್ನೂ ತಿನ್ನುತ್ತದೆ. ನಮ್ಮ ಹಳ್ಳತೊರೆಗಳಲ್ಲೇ ಇರುವ, ತಲೆ ಮೇಲೆ ಬಿಳಿ ಚುಕ್ಕೆಯ ಪ್ಯಾಂಚಾಕ್ಸ್ ಎಂಬ ಸಣ್ಣ ಮೀನು ಸಿಕ್ಕರೆ ಒಳ್ಳೆಯದು. ನಲ್ಲಿ ನೀರಿನ ಕ್ಲೋರಿನ್ ಹೋಗಲು ಎರಡು ಮೂರು ದಿನ ಬಿಟ್ಟು ಮೀನು ಹಾಕಿ. ಕಪ್ಪೆಗಳನ್ನಂತೂ ತರೋದು ಬೇಡ, ಮಳೆ ಬಿದ್ದರೆ ತಾವೇ ಬರುತ್ತವೆ.

ಪುಟ್ಟ ಮಕ್ಕಳಿರುವ ಮನೆಯಾದರೆ ಸದ್ಯಕ್ಕೆ ಕೊಳ ಬೇಡ ಅಂತಲೇ ನಾನು ಹೇಳೋದು. ಒಂದು ಅಡಿ ನೀರೂ ಅಪಾಯವೇ. ಮಾಡಲೇಬೇಕು ಅಂದರೆ ಸುತ್ತ ಬೇಲಿ ಹಾಕಿ, ಗೇಟಿಗೆ ಚಿಲಕ ಇಟ್ಟು ಆಮೇಲೆ ನೀರು ತುಂಬಿ.